ಬ್ರೇಕಿಂಗ್ ರೆಸಿಸ್ಟರ್ ಬೇಕೇ, ಸ್ಟಾಲ್ ರಕ್ಷಣೆ ಸಾಕೇ?

ತಾರಿಹಾಳದಿಂದ ಪ್ರಶ್ನೆ: 20 ಎಚ್‌ಪಿ ಬ್ಲೋವರ್‌ಗೆ ವಿಎಫ್‌ಡಿ (ಮೋಟಾರಿನ ವೇಗ ಹೊಂದಿಸುವ ಡ್ರೈವ್) ಹಾಕಿಸಿದ್ದೇವೆ. ವೇಗದ ಇಳಿಕೆಗೆ 10 ಸೆಕೆಂಡು ಕೊಟ್ಟರೆ ಓವರ್‌ವೋಲ್ಟೇಜ್ ಟ್ರಿಪ್. ಸ್ಟಾಲ್ ರಕ್ಷಣೆ (ಕರೆಂಟು ಅಥವಾ ವೋಲ್ಟೇಜ್ ಮಿತಿ ಮೀರುವಂತಾದರೆ ಡ್ರೈವ್ ತಾನೇ ವೇಗದ ಬದಲಾವಣೆಯನ್ನು ತಡೆದು ಹಿಡಿಯುವ ಸೆಟ್ಟಿಂಗ್) ಚಾಲೂ ಮಾಡಿದರೆ ಟ್ರಿಪ್ ಇಲ್ಲ, ಆದರೆ ನಿಲ್ಲುವುದಕ್ಕೆ ಒಂದು ನಿಮಿಷ ಬೇಕು. ಇಳಿಕೆಯಲ್ಲಿ ಹಿಂದಕ್ಕೆ ಬರುವ ವಿದ್ಯುತ್ತನ್ನು ಶಾಖವಾಗಿ ಸುಡುವ ಬ್ರೇಕಿಂಗ್ ರೆಸಿಸ್ಟರ್ ಹಾಕಿಸಬೇಕೇ? ಅನುಭವ ಇದ್ದವರು ತಿಳಿಸಿ.

ಬ್ಯಾಡಗಿಯಿಂದ: ರಕ್ಷಣೆಯನ್ನು ಮುಟ್ಟಬೇಡಿ. ನಮ್ಮದು ಖಾರದ ಪುಡಿ ಗಿರಣಿ. ವೇಗದ ಏರಿಕೆಯಲ್ಲಿ ಕರೆಂಟು ಶೇ. 150 ಮುಟ್ಟಿದರೆ ಡ್ರೈವ್ ವೇಗವನ್ನು ಅಲ್ಲಿಯೇ ಹಿಡಿದು, ಕರೆಂಟು ಇಳಿದ ಮೇಲೆ ಮುಂದಕ್ಕೆ ಏರಿಸುತ್ತಿತ್ತು. ಅಳವಡಿಸಲು ಬಂದವನು ‘ಬೇಗ ಎತ್ತಿಕೊಳ್ಳಲಿ’ ಎಂದು ಆ ರಕ್ಷಣೆಯನ್ನು ತೆಗೆದು ಹೋದ. ಆಮೇಲೆ ದಿನವೂ ಓವರ್‌ಕರೆಂಟ್, ರೀಸೆಟ್, ಮತ್ತೆ ಓವರ್‌ಕರೆಂಟ್. ಮಾರ್ಚ್ ತಿಂಗಳು, ಮಾರುಕಟ್ಟೆಯಲ್ಲಿ ಚೀಲ ಇಡಲು ಜಾಗವಿಲ್ಲ, ಆಗಲೇ ಐಜಿಬಿಟಿ (ಡ್ರೈವ್‌ನೊಳಗೆ ಮೋಟಾರಿಗೆ ಕರೆಂಟು ಕೊಡುವ ಸ್ವಿಚ್ ಮಾಡ್ಯೂಲ್) ಸುಟ್ಟಿತು. ಮಾಡ್ಯೂಲಿಗೆ 18,500, ಕಾರ್ಡಿಗೆ 6,200, ರಿಪೇರಿಯವನ ಕಾರಿನ ಬಾಡಿಗೆ 2,400, ಅದರ ಮೇಲೆ ಜಿಎಸ್‌ಟಿ. ಬೇರೆ ಗಿರಣಿಯಲ್ಲಿ ಕುಟ್ಟಿಸಿದ ಕೂಲಿ ಪ್ರತ್ಯೇಕ.

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ: ಯಜಮಾನರೇ, ಅವರು ಕೇಳಿದ್ದು ಇಳಿಕೆಯ ಬಗ್ಗೆ. ಇಳಿಕೆಯಲ್ಲಿ ಮೋಟಾರೇ ಜನರೇಟರ್ ಆಗಿ ವಿದ್ಯುತ್ತನ್ನು ಹಿಂದಕ್ಕೆ ತಳ್ಳುತ್ತದೆ. 415 ವೋಲ್ಟ್ ಲೈನಿನಲ್ಲಿ ಸುಮಾರು 587 ಇರುವ ಡಿಸಿ ಬಸ್ (ಡ್ರೈವ್‌ನೊಳಗಿನ ಡಿಸಿ ವೋಲ್ಟೇಜ್) 800ರ ಆಚೆಗೆ ಹೋಗುತ್ತದೆ. ನಮ್ಮ ಲೇಥ್‌ಗೆ 9,800 ಕೊಟ್ಟು ರೆಸಿಸ್ಟರ್ ಹಾಕಿಸಿದೆ. ಆದರೂ ಬೇಗ ನಿಲ್ಲಲಿಲ್ಲ, ರೆಸಿಸ್ಟರ್ ತಣ್ಣಗೇ ಇತ್ತು. ಇಳಿಕೆಯ ಸ್ಟಾಲ್ ರಕ್ಷಣೆ ಚಾಲೂ ಇದ್ದರೆ ಡ್ರೈವ್ ತಾನೇ ಸಮಯ ಎಳೆಯುತ್ತದೆ, ರೆಸಿಸ್ಟರಿಗೆ ಕೆಲಸವೇ ಬರುವುದಿಲ್ಲ. ಆ ರಕ್ಷಣೆಯನ್ನು ತೆಗೆಸಿದ ಮೇಲೆ ಚಕ್ (ಲೇಥ್‌ನಲ್ಲಿ ತುಂಡನ್ನು ಹಿಡಿದು ತಿರುಗುವ ಭಾಗ) ಹೇಳಿದ ಹೊತ್ತಿಗೆ ನಿಲ್ಲುತ್ತಿದೆ.

ಬ್ಯಾಡಗಿಯಿಂದ: ಲೇಥ್‌ಗೂ ಬ್ಲೋವರ್‌ಗೂ ಒಂದೇ ಲೆಕ್ಕವೇ? ಲೇಥನ್ನು ತಾಸಿಗೆ ಹತ್ತಾರು ಸಲ ನಿಲ್ಲಿಸುತ್ತೀರಿ. ಬ್ಲೋವರ್ ಒಂದು ನಿಮಿಷ ಹೆಚ್ಚು ತಿರುಗಿದರೆ ಯಾರ ಗಂಟೇನು ಹೋಗುತ್ತದೆ? ಇದು ರೆಸಿಸ್ಟರ್ ಮಾರುವವರ ಮಾತು.

ಗೋಕುಲ ರಸ್ತೆಯಿಂದ: ನಾನು ಮಾರುವವನಲ್ಲ, ದುಡ್ಡು ಕೊಟ್ಟವನು. ಮಾತು ಹಿಂದಕ್ಕೆ ತೆಗೆದುಕೊಳ್ಳಿ.

ಬೆಟಗೇರಿಯಿಂದ: ಇಬ್ಬರೂ ಹೋಯ್ಸ್ಟ್ (ಭಾರ ಎತ್ತಿ ಇಳಿಸುವ ಯಂತ್ರ) ಮರೆತಿದ್ದೀರಿ. ಅದರಲ್ಲಿ ಸ್ಟಾಲ್ ರಕ್ಷಣೆ ಇಡಲೇಬಾರದು. ಭಾರ ಹೊತ್ತಾಗ ಡ್ರೈವ್ ತನ್ನಷ್ಟಕ್ಕೆ ವೇಗ ತಗ್ಗಿಸಿದರೆ ಹೊರೆ ಜಾರುತ್ತದೆ. ನಮ್ಮಲ್ಲಿ ಹತ್ತಿಯ ಬೇಲ್ ಜಾರಿತು, ಮೋಟಾರೂ ಸುಟ್ಟಿತು. ಹುಬ್ಬಳ್ಳಿಯಲ್ಲಿ 14,000 ಕೊಟ್ಟು ರಿವೈಂಡಿಂಗ್ (ಮೋಟಾರಿನ ತಂತಿ ಹೊಸದಾಗಿ ಸುತ್ತುವುದು) ಮಾಡಿಸಿದರೆ ಮಳೆಗಾಲಕ್ಕೆ ಮೊದಲೇ ಮತ್ತೆ ಹೋಯಿತು. ಅಲ್ಲಿಯ ಕೆಲಸವೇ ಅಷ್ಟು.

ಗೋಕುಲ ರಸ್ತೆಯಿಂದ: ಇಡೀ ಊರನ್ನು ದೂರಬೇಡಿ. ಡ್ರೈವ್‌ನಲ್ಲಿ ನಿಧಾನವಾಗಿ ಓಡುವ ಮೋಟಾರಿಗೆ ಅದರದೇ ಫ್ಯಾನಿನ ಗಾಳಿ ಸಾಲುವುದಿಲ್ಲ. ಪ್ರತ್ಯೇಕ ಫ್ಯಾನ್ ಹಾಕಿಸಿದ್ದಿರೋ ಇಲ್ಲವೋ, ಮೊದಲು ಅದನ್ನು ಹೇಳಿ.

ಬೆಟಗೇರಿಯಿಂದ: ಹಾಕಿಸಿದ್ದೆ, 3,100 ರೂಪಾಯಿಯ ಬಿಲ್ಲು ಇದೆ. ಸುಟ್ಟ ತಂತಿಯನ್ನೂ ಇಟ್ಟುಕೊಂಡಿದ್ದೇನೆ. ಮೊದಲಿದ್ದ ತಂತಿಗಿಂತ ಸಪೂರ ಇದೆ, ಬೇಕಾದರೆ ಬಂದು ಅಳೆದು ನೋಡಿ.