ವಕೀಲರನ್ನು ಕೇಳಿ: ಪಕ್ಷದೊಳಗೆ ಕಾರ್ಯಕರ್ತರಿಗೆ ಏನು ಹಕ್ಕಿದೆ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಸ್ಥಳೀಯ ಸಂಸ್ಥೆ ಮತ್ತು ಸೊಸೈಟಿ ಚುನಾವಣೆಯ ಕೇಸು ನಡೆಸುವ ವಕೀಲ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಸಾಗರದ ಸದಸ್ಯರು: ಮೇಡಂ, ನಾನು ಬೂತ್ ಕೆಲಸ ಮಾಡಿಕೊಂಡು ಬಂದವನು. ನಮ್ಮ ತಾಲ್ಲೂಕು ಅಧ್ಯಕ್ಷರನ್ನು ನಾವು ಯಾವತ್ತೂ ಆರಿಸಿಲ್ಲ. ಬೆಂಗಳೂರಿಂದ ಹೆಸರು ಬರುತ್ತದೆ, ನಾವು ಹಾರ ಹಾಕುತ್ತೇವೆ. ಪಕ್ಷದೊಳಗೆ ಚುನಾವಣೆ ಮಾಡಲೇಬೇಕು ಅಂತ ಕಾನೂನು ಇಲ್ವಾ?

ವಕೀಲರು: ಕಡ್ಡಾಯ ಮಾಡುವ ಕಾಯ್ದೆ ಇಲ್ಲ. ಪಕ್ಷಗಳ ನೋಂದಣಿ ನಡೆಯುವುದು ಜನಪ್ರತಿನಿಧಿ ಕಾಯ್ದೆಯ 29ಎ ಕಲಂ ಕೆಳಗೆ. ಅದನ್ನು ಸೇರಿಸಿದ್ದು 1989ರಲ್ಲಿ. ಪದಾಧಿಕಾರಿಗಳ ಚುನಾವಣೆ 5 ವರ್ಷ ಮೀರದಂತೆ ನಡೆಸುತ್ತೇವೆ ಅಂತ ಪಕ್ಷದ ನಿಯಮಾವಳಿಯಲ್ಲಿ ಇರಬೇಕು ಎಂದು ಚುನಾವಣಾ ಆಯೋಗ ಕೇಳುತ್ತದೆ. ಬರೆದುಕೊಡುತ್ತಾರೆ. ಬರೆದಂತೆ ನಡೆಯದಿದ್ದರೆ ಆಯೋಗ ನೋಟಿಸ್ ಕೊಡಬಹುದು, ಅಷ್ಟೇ. ನಿಮ್ಮೂರಿನ ಸೊಸೈಟಿಯನ್ನೇ ನೋಡಿ. 5 ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು. ಅದಕ್ಕೆ ಸಹಕಾರ ಚುನಾವಣಾ ಪ್ರಾಧಿಕಾರ ಇದೆ. ಮತದಾರರ ಪಟ್ಟಿ ನೋಟಿಸ್ ಬೋರ್ಡಿಗೆ ಬರುತ್ತದೆ, ಆಕ್ಷೇಪಣೆ ಹಾಕಬಹುದು. ಗೊಬ್ಬರ ಮಾರುವ ಸೊಸೈಟಿಗೆ ಇರುವ ಶಿಸ್ತು ರಾಜ್ಯ ಆಳುವ ಪಕ್ಷಕ್ಕೆ ಇಲ್ಲ. ಕಾನೂನು ಆಯೋಗ 1999ರಲ್ಲಿ ತನ್ನ 170ನೇ ವರದಿಯಲ್ಲಿ ಇದನ್ನು ಸರಿಪಡಿಸಿ ಎಂದಿತು. 2015ರಲ್ಲಿ 255ನೇ ವರದಿಯಲ್ಲಿ ಮತ್ತೆ ಹೇಳಿತು. ಯಾವ ಸರ್ಕಾರವೂ ಕೈ ಹಾಕಿಲ್ಲ.

ಭದ್ರಾವತಿಯ ಸದಸ್ಯರು: ಇದು ನೋಡಿ ಮೇಡಂ, ಫಾರ್ವರ್ಡ್ ಬಂದಿದೆ. "ಆಂತರಿಕ ಚುನಾವಣೆ ಮಾಡದ ಪಕ್ಷದ ಮೇಲೆ ಯಾರು ಬೇಕಾದರೂ ಆಯೋಗಕ್ಕೆ ಅರ್ಜಿ ಹಾಕಿ. 30 ದಿನದಲ್ಲಿ ನೋಂದಣಿ ರದ್ದು. ಎಲ್ಲರಿಗೂ ಹಂಚಿ."

ವಕೀಲರು: ಸುಳ್ಳು. 2002ರಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಮೋಸದಿಂದ ನೋಂದಣಿ ಮಾಡಿಸಿದ್ದರೆ, ಸಂವಿಧಾನಕ್ಕೆ ನಿಷ್ಠೆಯ ಮಾತನ್ನು ಪಕ್ಷವೇ ತೆಗೆದುಹಾಕಿದರೆ, ಸರ್ಕಾರ ಆ ಪಕ್ಷವನ್ನು ಕಾನೂನುಬಾಹಿರ ಎಂದು ಘೋಷಿಸಿದರೆ, ಇಂಥ ಕೆಲವೇ ಸಂದರ್ಭದಲ್ಲಿ ಆಯೋಗ ನೋಂದಣಿ ರದ್ದು ಮಾಡಬಹುದು. ಒಳಗೆ ಚುನಾವಣೆ ಮಾಡಲಿಲ್ಲ ಅನ್ನುವುದು ಅದರಲ್ಲಿ ಇಲ್ಲ. ಇದನ್ನು ನಂಬಿ ಅರ್ಜಿಗೆ ದುಡ್ಡು ಸುರಿಯಬೇಡಿ.

ಪಟ್ಟಣ ಪಂಚಾಯಿತಿ ಸದಸ್ಯೆ (ಊರು ಹೇಳುವುದಿಲ್ಲ): ಮೇಡಂ, ಬಿ ಫಾರಂ ಕೊಡುವ ದಿನ ಪಕ್ಷದ ಕಚೇರಿಯಲ್ಲಿ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. "ನಾನು ಸ್ವಂತ ಇಚ್ಛೆಯಿಂದ ಸದಸ್ಯ ಸ್ಥಾನಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ" ಅಂತ ಟೈಪ್ ಮಾಡಿತ್ತು. ದಿನಾಂಕದ ಜಾಗ ಖಾಲಿ. ಎಲ್ಲರೂ ಹಾಕಿದರು, ನಾನೂ ಹಾಕಿದೆ. ಈಗ ಅಧ್ಯಕ್ಷರ ಚುನಾವಣೆ ಬಂದಿದೆ. ಹೇಳಿದವರಿಗೆ ಮತ ಹಾಕದಿದ್ದರೆ ಆ ಹಾಳೆ ಹೊರಗೆ ಬರುತ್ತದೆ ಅನ್ನುತ್ತಿದ್ದಾರೆ. ಇಂಥವರಿಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ವಿಪ್, ಅದನ್ನೂ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ.

ವಕೀಲರು: ತಂಗಿ, ಇದನ್ನು ಸಮಾಧಾನವಾಗಿ ಓದಿ. ನಿಮ್ಮದು ಎರಡು ಬೇರೆ ಬೇರೆ ವಿಷಯ, ಒಂದಕ್ಕೊಂದು ಬೆರೆಸಬೇಡಿ.

ಮೊದಲು ಆ ಹಾಳೆ. ರಾಜೀನಾಮೆ ಅಂದರೆ ಕೊಡುವವರ ಮನಸ್ಸಿಂದ ಬರಬೇಕು. ಶಾಸಕರ ವಿಷಯದಲ್ಲಿ ಸಂವಿಧಾನದ 190ನೇ ವಿಧಿಯೇ ಇದನ್ನು ಹೇಳುತ್ತದೆ. ಸ್ವಇಚ್ಛೆಯದ್ದಲ್ಲ, ಅಸಲಿ ಅಲ್ಲ ಅಂತ ಸ್ಪೀಕರ್‌ಗೆ ಮನವರಿಕೆಯಾದರೆ ಒಪ್ಪುವಂತಿಲ್ಲ. ಪಟ್ಟಣ ಪಂಚಾಯಿತಿ ಸದಸ್ಯರಿಗೂ ಅಷ್ಟೇ ರಕ್ಷಣೆ ಇದೆ ಅಂತ ನಂಬಿ ಕೂರಬೇಡಿ. ನಾಳೆ ಬೆಳಿಗ್ಗೆಯೇ ಒಂದು ಪತ್ರ ಬರೆಯಿರಿ. ಜಿಲ್ಲಾಧಿಕಾರಿಗೆ ಒಂದು, ಮುಖ್ಯಾಧಿಕಾರಿಗೆ ಒಂದು. "ಬಿ ಫಾರಂ ಕೊಡುವಾಗ ದಿನಾಂಕವಿಲ್ಲದ ರಾಜೀನಾಮೆ ಪತ್ರಕ್ಕೆ ನನ್ನಿಂದ ಸಹಿ ಪಡೆದಿದ್ದಾರೆ. ನಾನು ರಾಜೀನಾಮೆ ಕೊಟ್ಟಿಲ್ಲ, ಕೊಡುವ ಇಚ್ಛೆಯೂ ಇಲ್ಲ. ಅಂಥ ಪತ್ರ ಬಂದರೆ ನನ್ನನ್ನು ಎದುರಿಗೆ ಕರೆದು ವಿಚಾರಿಸದೆ ಒಪ್ಪಬಾರದು." ಇಷ್ಟೇ ಸಾಕು. ಕೈಯಾರೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್, ಸೀಲು, ತಾರೀಖು ಹಾಕಿಸಿಕೊಳ್ಳಿ. ಅದರ ಮೇಲೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಅವರು ಹಾಳೆಗೆ ತುಂಬುವ ತಾರೀಖು ಯಾವುದೇ ಇರಲಿ, ಅದು ಕಚೇರಿಗೆ ಬರುವ ಮೊದಲೇ ನಿಮ್ಮ ಪತ್ರ ಅಲ್ಲಿರಬೇಕು.

ಇನ್ನೊಂದು, ಇದೇ ಮುಖ್ಯ. ಪಕ್ಷ ಬಿಟ್ಟೆ ಅಂತ ಆ ಪತ್ರದಲ್ಲಿ ಬರೆಯಬೇಡಿ. ಬೇರೆ ಪಕ್ಷದವರ ಜೊತೆ ವೇದಿಕೆ ಹತ್ತಬೇಡಿ, ಪೇಪರಿನವರ ಹತ್ತಿರ ಮಾತಾಡಬೇಡಿ. ಸ್ಥಳೀಯ ಸಂಸ್ಥೆಗಳಿಗೆ ಕರ್ನಾಟಕದಲ್ಲಿ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ತಾನಾಗಿ ಪಕ್ಷ ಬಿಟ್ಟರೆ ಸ್ಥಾನ ಹೋಗುತ್ತದೆ. ಬಿಟ್ಟಿದ್ದಾರೆ ಅಂತ ಹೇಳಲು ರಾಜೀನಾಮೆ ಪತ್ರವೇ ಬೇಕು ಅಂತಿಲ್ಲ. 1994ರಲ್ಲಿ ಗೋವಾದ ರವಿ ನಾಯ್ಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಡವಳಿಕೆಯಿಂದಲೂ ಅದನ್ನು ತೀರ್ಮಾನಿಸಬಹುದು ಎಂದಿದೆ. ಅದು ಶಾಸಕರ ಕೇಸು, ಆದರೆ ನಿಮ್ಮ ವಿರುದ್ಧವೂ ಅದನ್ನೇ ಓದುತ್ತಾರೆ.

ಇನ್ನು ವಿಪ್. ಅದು ಸರಿಯಾಗಿ ತಲುಪಿದೆಯೇ ಅನ್ನುವುದೇ ಈ ಕೇಸುಗಳಲ್ಲಿ ದೊಡ್ಡ ಜಗಳ. ವಾಟ್ಸಾಪ್ ವಿಪ್ ನಡೆಯಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿ ಅಡ್ಡ ಮತ ಹಾಕಬೇಡಿ. ಮೆಸೇಜ್ ಅಳಿಸಬೇಡಿ. ಮತದಾನಕ್ಕೆ ಮೊದಲು ಯಾರಾದರೂ ವಕೀಲರಿಗೆ ಕಾಗದ ತೋರಿಸಿ.

ಪಟ್ಟಣ ಪಂಚಾಯಿತಿ ಸದಸ್ಯೆ: ಯಜಮಾನರು ಪತ್ರ ಬೇಡ, ಸುಮ್ನೆ ಎದುರು ಹಾಕಿಕೊಳ್ಳುವುದು ಯಾಕೆ ಅನ್ನುತ್ತಾರೆ.

ವಕೀಲರು: ಗೆದ್ದವರು ನೀವು, ಸಹಿಯೂ ನಿಮ್ಮದು. ಪತ್ರ ಬರೆಯಿರಿ.

ಶಿಕಾರಿಪುರದ ಸದಸ್ಯರು: ನೋಟಾಗೆ ಜಾಸ್ತಿ ಮತ ಬಂದರೆ ಚುನಾವಣೆ ರದ್ದಾಗುತ್ತದಂತೆ, ಹೌದಾ? ಆಗಲಾದರೂ ಪಕ್ಷದವರು ಕಾರ್ಯಕರ್ತರನ್ನು ಕೇಳಿ ಟಿಕೆಟ್ ಕೊಡಬಹುದು.

ವಕೀಲರು: ಇಲ್ಲ. ವಿಧಾನಸಭೆ, ಲೋಕಸಭೆಯಲ್ಲಿ ನೋಟಾ ಬಂದದ್ದು 2013ರಲ್ಲಿ. ಅಭ್ಯರ್ಥಿಗಳಲ್ಲಿ ಯಾರಿಗೆ ಜಾಸ್ತಿ ಮತವೋ ಅವರೇ ಗೆಲ್ಲುತ್ತಾರೆ.

ಹೊಸನಗರದ ಸದಸ್ಯರು: ಕಾಂಗ್ರೆಸ್‌ನಲ್ಲಿ 2022ರಲ್ಲಿ ಚುನಾವಣೆ ಆಯಿತಲ್ಲ. ಖರ್ಗೆಯವರಿಗೆ 7,897, ತರೂರ್‌ಗೆ 1,072. ಬಿಜೆಪಿಯಲ್ಲಿ ರಾಷ್ಟ್ರೀಯ ಅಧ್ಯಕ್ಷರಿಗೆ ಹೀಗೆ ಮತಪೆಟ್ಟಿಗೆ ಇಟ್ಟದ್ದು ಯಾವಾಗ?

ತೀರ್ಥಹಳ್ಳಿಯ ಸದಸ್ಯರು: ಆ ಮತ ಹಾಕಿದ ಪ್ರತಿನಿಧಿಗಳನ್ನು ಯಾರು ಆರಿಸಿದ್ದು ಮಾರಾಯ್ರೆ? ನಿಮ್ಮ ಬ್ಲಾಕ್‌ನಲ್ಲಿ ನಿಮ್ಮನ್ನು ಕೇಳಿದರಾ? ಅದಕ್ಕೆ ಮೊದಲು ಅಲ್ಲಿ ಪೈಪೋಟಿ ನಡೆದದ್ದು 2000ದಲ್ಲಿ.

ಹೊಸನಗರದ ಸದಸ್ಯರು: ಇಷ್ಟಾದರೂ ಆಯಿತಲ್ಲ. ನಿಮ್ಮಲ್ಲಿ ಒಬ್ಬರ ಹೆಸರು ಬರುತ್ತದೆ, ಅವಿರೋಧ ಅಂತ ಘೋಷಣೆ ಆಗುತ್ತದೆ.

ಸೊರಬದ ಸದಸ್ಯರು: ಇಬ್ಬರೂ ನಿಲ್ಲಿಸಿ. 2024ರಲ್ಲಿ ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಒಂದು ಕಡೆ ಮಾಜಿ ಮುಖ್ಯಮಂತ್ರಿ ಮಗ, ಇನ್ನೊಂದು ಕಡೆ ಮಾಜಿ ಮುಖ್ಯಮಂತ್ರಿ ಮಗಳು. ಇದನ್ನು ಪ್ರಶ್ನಿಸಿ ನಿಂತ ಈಶ್ವರಪ್ಪನವರನ್ನು ಬಿಜೆಪಿಯವರು 6 ವರ್ಷ ಹೊರಗೆ ಹಾಕಿದರು. ಜೆಡಿಎಸ್‌ನಲ್ಲಿ ಅಪ್ಪ ರಾಷ್ಟ್ರೀಯ ಅಧ್ಯಕ್ಷರು, ಮಗ ರಾಜ್ಯ ಅಧ್ಯಕ್ಷರು.

ತೀರ್ಥಹಳ್ಳಿಯ ಸದಸ್ಯರು: ಈಶ್ವರಪ್ಪನವರೂ ಮಗನಿಗೆ ಟಿಕೆಟ್ ಕೇಳಿದ್ದರು, ಅದನ್ನೂ ಹೇಳಿ. ಅಷ್ಟಕ್ಕೂ ಮತ ಹಾಕಿ ಗೆಲ್ಲಿಸಿದ್ದು ಜನ.

ಸೊರಬದ ಸದಸ್ಯರು: ಜನರ ಮುಂದೆ ಬೇರೆ ಹೆಸರೇ ಬರದಿದ್ದರೆ ಜನ ಏನು ಮಾಡಬೇಕು? 1952ರಲ್ಲಿ ಶಾಂತವೇರಿ ಗೋಪಾಲಗೌಡರು ಗೆದ್ದ ಜಿಲ್ಲೆ ಇದು. ಅವರ ಹಿಂದೆ ಯಾವ ಮನೆತನ ಇತ್ತು? ಕಾಗೋಡಿನ ಗೇಣಿದಾರರು ಇದ್ದರು.

ತೀರ್ಥಹಳ್ಳಿಯ ಸದಸ್ಯರು: ಭಾಷಣ ಬೇಡ. ನೀವು ಯಾವ ಪಕ್ಷದವರು ಅಂತ ಇಡೀ ಸೊರಬಕ್ಕೆ ಗೊತ್ತು.

ಅಡ್ಮಿನ್: ದಯವಿಟ್ಟು ಮರ್ಯಾದೆ ಇರಲಿ.

ವಕೀಲರು: ಯಾವ ಪಕ್ಷ ವಾಸಿ ಅಂತ ನಾನು ಹೇಳಲು ಬಂದಿಲ್ಲ. ಬೇರು ಎಲ್ಲಿದೆ ಅಂತ ನೋಡಿ. ವಿಧಾನಸಭೆಗೆ ಟಿಕೆಟ್ ಅಂದರೆ ಬಿ ಫಾರಂ. ಅದಕ್ಕೆ ಸಹಿ ಹಾಕುವ ಅಧಿಕಾರ ಯಾರಿಗೆ ಅಂತ ಪಕ್ಷ ಎ ಫಾರಂನಲ್ಲಿ ತಿಳಿಸುತ್ತದೆ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಎರಡೂ ಚುನಾವಣಾಧಿಕಾರಿಯ ಕೈಗೆ ತಲುಪಬೇಕು. ಶಾಯಿಯಲ್ಲಿ ಹಾಕಿದ ಸಹಿಯೇ ಬೇಕು. ಕಾರ್ಯಕರ್ತರ ಒಪ್ಪಿಗೆ ಇದೆಯಾ ಅಂತ ಅಧಿಕಾರಿ ಕೇಳುವುದಿಲ್ಲ, ಕೇಳುವ ಅಧಿಕಾರವೂ ಅವರಿಗಿಲ್ಲ. ಗೆದ್ದ ಮೇಲೆ ವಿಪ್ ಮೀರಿದರೆ ಸಂವಿಧಾನದ ಹತ್ತನೇ ಷೆಡ್ಯೂಲ್, ಅಂದರೆ ಪಕ್ಷಾಂತರ ನಿಷೇಧ, ಸ್ಥಾನವೇ ಹೋಗಬಹುದು. 1985ರಲ್ಲಿ ಬಂದದ್ದು ಅದು, ಕುದುರೆ ವ್ಯಾಪಾರ ತಡೆಯಲು. ಟಿಕೆಟ್ ಕೊಡುವುದೂ ಮೇಲಿನವರು, ವಿಪ್ ಕೊಡುವುದೂ ಮೇಲಿನವರು. ಆ ಮೇಲಿನವರನ್ನು ಆರಿಸುವ ಮತ ಮಾತ್ರ ಕೆಳಗಿನವರಿಗಿಲ್ಲ. ಜರ್ಮನಿಯ ಸಂವಿಧಾನದ 21ನೇ ವಿಧಿ ಪಕ್ಷದ ಒಳ ವ್ಯವಸ್ಥೆ ಪ್ರಜಾಪ್ರಭುತ್ವದ ತತ್ವದಂತೆ ಇರಬೇಕು ಎನ್ನುತ್ತದೆ. ನಮ್ಮಲ್ಲಿ ಅಂಥ ಒಂದು ಸಾಲು ಇಲ್ಲ. ಜಗಳ ಆಡುವುದಾದರೆ ಆ ಸಾಲಿಗಾಗಿ ಆಡಿ.

ಕೊಪ್ಪದ ಸದಸ್ಯರು: ನನ್ನನ್ನು ನೋಟಿಸ್ ಇಲ್ಲದೆ ಪಕ್ಷದಿಂದ ತೆಗೆದರು. ಹೈಕೋರ್ಟಿಗೆ ರಿಟ್ ಹಾಕಲಾ?

ವಕೀಲರು: ಪಕ್ಷ ಸರ್ಕಾರವಲ್ಲ, ರಿಟ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಿಯಮಾವಳಿಯಲ್ಲಿ ನೋಟಿಸ್ ಕೊಡಬೇಕು ಅಂತ ಇದ್ದು ಕೊಟ್ಟಿಲ್ಲದಿದ್ದರೆ ಸಿವಿಲ್ ದಾವೆ ಹಾಕಬಹುದು. ಅಣ್ಣಾಡಿಎಂಕೆ ಸಾಮಾನ್ಯ ಸಭೆಯ ಜಗಳವೂ ಸಿವಿಲ್ ದಾವೆಯಿಂದಲೇ ಸುಪ್ರೀಂ ಕೋರ್ಟ್ ತನಕ ಹೋದದ್ದು. ಸದಸ್ಯತ್ವದ ರಸೀದಿ ಇದೆಯಾ? ಮೊದಲು ಅದನ್ನು ಹುಡುಕಿ.

ಸಾಗರದ ಸದಸ್ಯರು: ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ಇಲ್ಲ. ನಮ್ಮಂಥವರು ಮೇಲೆ ಬರುವ ದಾರಿಯೇ ಅದು ಅಲ್ವಾ ಮೇಡಂ?

ಭದ್ರಾವತಿಯ ಸದಸ್ಯರು: ಇನ್ನೊಂದು ಬಂದಿದೆ ಮೇಡಂ. "ಅಭ್ಯರ್ಥಿಯಿಂದ 100 ರೂಪಾಯಿ ಛಾಪಾ ಕಾಗದದಲ್ಲಿ ಬರೆಸಿಕೊಳ್ಳಿ. ಮಾತು ತಪ್ಪಿದರೆ ಸ್ಥಾನ ತಾನಾಗಿ ರದ್ದು."

ವಕೀಲರು: ರದ್ದಾಗುವುದಿಲ್ಲ. ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿದ್ದಾರೆ. ದಿನಾಂಕವಿಲ್ಲದ ಹಾಳೆಗೆ ಸಹಿ ಹಾಕಿಸಿಕೊಂಡು ಒಬ್ಬ ಹೆಣ್ಣುಮಗಳನ್ನು ಹೆದರಿಸುತ್ತಿರುವುದನ್ನು ಇದೇ ಗುಂಪಿನಲ್ಲಿ ಓದಿದ್ದೀರಿ. ನೀವು ಹಂಚುತ್ತಿರುವುದೂ ಅದೇ ಜಾತಿಯ ಕಾಗದ.

ಭದ್ರಾವತಿಯ ಸದಸ್ಯರು: ಕೇಳಿದ್ದು ತಪ್ಪಾ?

ಶಿಕಾರಿಪುರದ ಸದಸ್ಯರು: ಹಾಗಾದರೆ ನೋಟಾದಿಂದ ಏನು ಪ್ರಯೋಜನ?

ವಕೀಲರು: ಉತ್ತರ ಮೇಲೆ ಇದೆ.

ಪಟ್ಟಣ ಪಂಚಾಯಿತಿ ಸದಸ್ಯೆ: ಮೇಡಂ, ನನ್ನ ಜೊತೆ ಸಹಿ ಹಾಕಿದ ಇನ್ನೂ ಕೆಲವು ಸದಸ್ಯೆಯರು ಇದ್ದಾರೆ. ಎಲ್ಲರೂ ಸೇರಿ ಒಂದೇ ಪತ್ರ ಕೊಡಬಹುದಾ?

ವಕೀಲರು: ಬೇಡ. ಒಬ್ಬೊಬ್ಬರೂ ಬೇರೆ ಬೇರೆ ಪತ್ರ ಕೊಡಿ, ಒಂದೇ ದಿನ ಕೊಡಿ. ಇನ್‌ವರ್ಡ್ ಸೀಲು ಮರೆಯಬೇಡಿ.