ಅಪ್‌ಡೇಟ್: ಗ್ಲೇವ್ ಹಿಡಿದ ಫೈಟರ್‌ಗೆ ಕೊನೆಗೆ ಆರಿಸಿಕೊಂಡ ಸಾಮರ್ಥ್ಯಗಳು

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ 2014ರ ನಿಯಮಗಳಡಿ, ಗ್ಲೇವ್ (ಉದ್ದ ಕೋಲಿನ ತುದಿಗೆ ಅಲಗಿರುವ ಆಯುಧ) ಹಿಡಿದ ನನ್ನ ಯೋಧ ಪಾತ್ರವಾದ ಫೈಟರ್‌ಗೆ ಶತ್ರುವನ್ನು ದೂರದಲ್ಲೇ ತಡೆಯುವ ಸಾಮರ್ಥ್ಯವೊಂದನ್ನು ಹೇಗೆ ರೂಪಿಸಬೇಕೆಂದು ಕೇಳಿದ್ದೆ. ನಿಮ್ಮ ಉತ್ತರಗಳನ್ನು ಓದಿದ ಮೇಲೆ, ಹೊಸದೇನನ್ನೂ ಸೃಷ್ಟಿಸದೆ 4 ಮತ್ತು 6ನೇ ಲೆವೆಲ್‌ಗಳಲ್ಲಿ ಪೋಲ್‌ಆರ್ಮ್ ಮಾಸ್ಟರ್ ಹಾಗೂ ಸೆಂಟಿನೆಲ್ ಎಂಬ, ಪಾತ್ರಕ್ಕೆ ವಿಶೇಷ ಸಾಮರ್ಥ್ಯ ಕೊಡುವ ಫೀಟ್‌ಗಳನ್ನು ಆರಿಸಿಕೊಂಡೆ. ಮೊದಲನೆಯದರಿಂದ, 10 ಅಡಿಯ ವ್ಯಾಪ್ತಿಯೊಳಗೆ ಶತ್ರು ಕಾಲಿಟ್ಟ ಕೂಡಲೇ ರಿಯಾಕ್ಷನ್ (ನನ್ನ ಸರದಿಯಲ್ಲದಾಗಲೂ ಮಾಡಬಹುದಾದ ಪ್ರತಿಕ್ರಿಯೆ) ಬಳಸಿ ಹೊಡೆಯಬಹುದು. ಆ ಏಟು ತಗುಲಿದರೆ ಎರಡನೆಯದರಿಂದ ಅವನ ವೇಗ ಆ ಸರದಿಯ ಮಟ್ಟಿಗೆ ಸೊನ್ನೆಗಿಳಿಯುವುದರಿಂದ, 5 ಅಡಿಯಷ್ಟೇ ಎಟುಕುವ ಕತ್ತಿಯವನು ಹಿಂದಿರುವ ನಮ್ಮ ಮಾಂತ್ರಿಕ ವಿಝಾರ್ಡ್ ಹಾಗಿರಲಿ, ನನ್ನನ್ನೂ ಮುಟ್ಟಲಾರ. ಒಂದು ಸುತ್ತಿನಲ್ಲಿ ರಿಯಾಕ್ಷನ್ ಒಂದೇ ಆದ್ದರಿಂದ ಗಾಬ್ಲಿನ್‌ಗಳು ಗುಂಪಾಗಿ ನುಗ್ಗಿದರೆ ಎರಡನೆಯ ಗಾಬ್ಲಿನ್ ನಿರಾತಂಕವಾಗಿ ಒಳಬರುತ್ತದೆ. ಈ ಕೊರತೆ ಇರುವುದೇ ಸರಿ, ಇಲ್ಲವಾದರೆ ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ಬೇಸರ ಬಂದೀತು. ಶತ್ರುವನ್ನು ನೆಲಕ್ಕೆ ಬೀಳಿಸುವ ಟ್ರಿಪ್ ಅಟ್ಯಾಕ್ ಸೇರಿಸುವ ಸಲಹೆಯನ್ನು ಮಾತ್ರ ಕೈಬಿಟ್ಟೆ, ಏಕೆಂದರೆ ನೆಲಕ್ಕೆ ಬಿದ್ದವನನ್ನು 5 ಅಡಿಗಿಂತ ದೂರದಿಂದ ಹೊಡೆಯುವಾಗ ನನಗೇ ಡಿಸ್‌ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ಕಡಿಮೆಯದನ್ನೇ ತೆಗೆದುಕೊಳ್ಳಬೇಕು).