ದೋಣಿಗೆ ನೀರು ತುಂಬಿಸುವವರು

ಒಳಗೆ ನೀರು ಬಂದರೆ ದೋಣಿ ಮುಳುಗುತ್ತದೆ ಅಂತ ಅಂಗನವಾಡಿ ಮಗುವಿಗೂ ಗೊತ್ತು. ನಮ್ಮ ನಾಗೇಶ ಮಾತ್ರ, ಮಗುಚದಿರಲಿ ಅಂತ ತಳದ ತೊಟ್ಟಿಗೆ ಬೇಕಂತಲೇ ಅರ್ಧ ಟನ್ ನೀರು ತುಂಬಿಸಿಕೊಂಡು ಓಡುವ ಹಾಯಿದೋಣಿಯನ್ನೇ ಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾನೆ. ಸೆಕೆಂಡ್ ಹ್ಯಾಂಡ್ ಮ್ಯಾಕ್‌ಗ್ರೆಗರ್ 26ಎಂ. ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದಲ್ಲಿ ತಯಾರಾಗುತ್ತಿತ್ತು, 2013ರಲ್ಲಿ ಕಾರ್ಖಾನೆ ಮುಚ್ಚಿತು, ಈಗ ಸಿಗುವುದೆಲ್ಲ ಹಳೆಯದೇ.

ಶನಿವಾರ ಸಂಜೆ ಸನಿವೇಲ್‌ನ ಅವನ ಮನೆಯಲ್ಲಿ ಚುರುಮುರಿ ಖಾಲಿಯಾಗುವ ಮೊದಲೇ ಜಗಳ ಶುರುವಾಯಿತು. ಎದುರು ಪಾರ್ಟಿ ಪ್ರಸಾದ. ಉಡುಪಿಯವನು, ಬರ್ಕ್ಲಿಯಲ್ಲಿ ಹಾಯಿ ಕಲಿತವನು, ಕೆಳಗೆ ಸೀಸದ ಕೀಲ್ (ತಳದಿಂದ ನೀರಿಗೆ ಇಳಿದಿರುವ ಭಾರದ ರೆಕ್ಕೆ) ಇಲ್ಲದ್ದನ್ನು ದೋಣಿ ಅಂತಲೇ ಒಪ್ಪುವುದಿಲ್ಲ.

"ನೀರೊಳಗಿನ ನೀರಿಗೆ ತೂಕವೇ ಇಲ್ಲ ಮಾರಾಯ. ಬಾವಿಯಲ್ಲಿ ಮುಳುಗಿದ ಕೊಡ ಎಳೆದಿದ್ದೀಯಲ್ಲ? ಹಗ್ಗಕ್ಕೆ ಗೊತ್ತೇ ಆಗುವುದಿಲ್ಲ. ಅಂಥದ್ದನ್ನು ಹೊತ್ತುಕೊಂಡು ದೋಣಿ ನೆಟ್ಟಗೆ ನಿಲ್ಲುತ್ತದಾ?"

"ಆ ಕೊಡ ನೀರು ಬಿಟ್ಟು ಮೇಲೆ ಬಂದಾಗ ಏನಾಗುತ್ತದೆ?" ಅಂದ ನಾಗೇಶ.

"ರಟ್ಟೆ ಕಿತ್ತು ಬರುತ್ತದೆ."

"ಹಾಂ, ಅದೇ."

ಪ್ರಸಾದ ಸ್ವಲ್ಪ ಹೊತ್ತು ಸುಮ್ಮನಾದ. ವಿಷಯ ನಿಜ. ತೊಟ್ಟಿ ಇರುವುದು ದೋಣಿಯ ತಳದಲ್ಲಿ. ಸ್ವಲ್ಪ ವಾಲಿದಾಗ ಅದರಿಂದ ಹೇಳಿಕೊಳ್ಳುವಂಥ ಉಪಕಾರ ಇಲ್ಲ, ಅದಕ್ಕೇ ಈ ದೋಣಿಗಳು ಗಾಳಿ ತಾಗಿದ ಕೂಡಲೇ ಪಟ್ಟನೆ ವಾಲಿ, ಹೊಸಬರ ಎದೆ ಝಲ್ಲೆನಿಸಿ, ಆಮೇಲೆ ಗಟ್ಟಿಯಾಗಿ ನಿಲ್ಲುತ್ತವೆ. ಜಾಸ್ತಿ ವಾಲಿ ತೊಟ್ಟಿ ನೀರಿನ ಮಟ್ಟ ಬಿಟ್ಟು ಮೇಲೇಳುತ್ತಾ ಬಂದಂತೆ ಆ ಅರ್ಧ ಟನ್ ತನ್ನ ತೂಕ ತೋರಿಸಿ ದೋಣಿಯನ್ನು ವಾಪಸ್ ಎಳೆಯುತ್ತದೆ. ಸೀಸ ನೀರಿನ ಹನ್ನೊಂದು ಪಟ್ಟು ಭಾರ, ಅದನ್ನು ಉದ್ದ ಕೀಲ್‌ನ ತುದಿಗೆ ಇಟ್ಟರೆ ಮೊದಲಿಂದಲೇ ಕೆಲಸ ಮಾಡುತ್ತದೆ, ಒಪ್ಪೋಣ. ಆದರೆ ಸೀಸವನ್ನು ಮನೆಗೆ ಹೋಗುವಾಗ ಚೆಲ್ಲಿ ಹೋಗಲು ಆಗುವುದಿಲ್ಲವಲ್ಲ! ಖಾಲಿ 26ಎಂ ಸುಮಾರು 1150 ಕಿಲೋ. ಸಾಧಾರಣ ಎಸ್‌ಯುವಿ ಎಳೆಯುತ್ತದೆ.

"ನೀರೇನು ದುಡ್ಡು ಕೊಟ್ಟು ತರಬೇಕಾ? ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ!" ಅಂತ ನಾಗೇಶ ಬೀಗಿದ. "ಟ್ರೇಲರ್‌ನಿಂದ ಇಳಿಸು, ಹಿಂದಿನ ವಾಲ್ವ್ ತೆಗೆ, ಒಳಗೆ ಮುಂಭಾಗದಲ್ಲಿ ಗಾಳಿ ಹೋಗುವ ಬಿರಡೆ ತೆಗೆ. ಬುಳುಬುಳು ಅಂತ ನೀರು ಬರುತ್ತದೆ, ಆ ತೂತಿನಿಂದ ಬುಸ್ ಅಂತ ಗಾಳಿ ಹೋಗುತ್ತದೆ. ಬೆರಳು ಹಾಕಿ ನೋಡು, ನೀರು ತಾಗಿತಾ, ಎರಡೂ ಮುಚ್ಚು. ಮುಗಿಯಿತು."

"ಅಷ್ಟು ಹೊತ್ತು ಹಿಂದೆ ದೋಣಿ ಇಳಿಸಲು ಕ್ಯೂನಲ್ಲಿ ನಿಂತವರು ನಿನ್ನ ವಂಶವನ್ನೆಲ್ಲ ನೆನೆಯುತ್ತಾರೆ," ಅಂದ ಪ್ರಸಾದ. "ಅದಕ್ಕೇ ಅರ್ಧ ತುಂಬಿಸಿ ಹೊರಡುವ ಭೂಪರೂ ಇರುತ್ತಾರೆ."

ಇದೊಂದು ವಿಷಯದಲ್ಲಿ ಇಬ್ಬರೂ ಒಂದೇ ಪಕ್ಷ. ಅರ್ಧ ತುಂಬಿದ ತೊಟ್ಟಿ ಖಾಲಿಗಿಂತ ಕೆಟ್ಟದ್ದು ಅಂತ ನಾನೂ ಹೇಳುತ್ತೇನೆ. ದೋಣಿ ಯಾವ ಕಡೆ ವಾಲುತ್ತದೋ ನೀರೂ ಅದೇ ಕಡೆ ನುಗ್ಗಿ ಇನ್ನಷ್ಟು ವಾಲಿಸುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಹೇಳಿದ ನಮ್ಮ ಹಿರಿಯರಿಗೆ ಹಾಯಿದೋಣಿಯ ಅನುಭವವೂ ಇತ್ತೋ ಏನೋ.

ಅಲ್ಲಿಗೆ ಮಾತು ವೇಗದ ಕಡೆ ತಿರುಗಿತು. "ತೊಟ್ಟಿ ಖಾಲಿ ಬಿಟ್ಟು ಹಾಯಿ ಎತ್ತಿದರೆ ಹಗುರ ಆಗಿ ಇನ್ನೂ ಜೋರಾಗಿ ಓಡಬೇಕಲ್ವಾ?" ಅಂತ ನಾಗೇಶ ಮೆಲ್ಲಗೆ ಕೇಳಿದ. ಇದೇ ಪ್ರಶ್ನೆ ಕೇಳುತ್ತಾನೆ ಅಂತ ನನಗೆ ಮೊದಲೇ ಅನುಮಾನ ಇತ್ತು.

"ಓಡುತ್ತದೆ, ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ಕಡೆಯಿಂದ 20 ನಾಟ್ ಗಾಳಿ ಬರುವ ತನಕ. ಆಮೇಲೆ ಮಗುಚಿಕೊಳ್ಳುತ್ತದೆ, ಎದ್ದು ನಿಲ್ಲುವುದಿಲ್ಲ. ಅಷ್ಟಕ್ಕೂ ಎಷ್ಟು ಜೋರು ಬೇಕು ನಿನಗೆ? ದೋಣಿಯ ತಳ ನೀರಿಗೆ ತಾಗುವ ಉದ್ದ 23 ಅಡಿ. ಅದರ ವರ್ಗಮೂಲಕ್ಕೆ 1.34ರಿಂದ ಗುಣಿಸು, 6.4 ನಾಟ್ ಬರುತ್ತದೆ. ಹಾಯಿಯಲ್ಲಿ ಅದರಾಚೆ ಹೋಗಬೇಕಾದರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ ದಾಟಬೇಕು. ತುಂಬಿದ ತೊಟ್ಟಿ ಇಟ್ಟುಕೊಂಡು ಅದು ಆಗದ ಮಾತು."

ಅಡುಗೆಮನೆಯಿಂದ ನಾಗೇಶನ ಹೆಂಡತಿ ಸುಮಾ ಇಣುಕಿದಳು. "ಕಿಲೋಮೀಟರಿನಲ್ಲಿ ಹೇಳಿ."

"ಗಂಟೆಗೆ 12."

"ಹನ್ನೆರಡಕ್ಕಾ ಇಷ್ಟು ಕಿರುಚಾಟ?"

ನಾಗೇಶನಿಗೆ ಅವಮಾನ ಆಯಿತು. ತೊಟ್ಟಿ ಖಾಲಿ ಮಾಡಿ, 50 ಅಶ್ವಶಕ್ತಿಯ ಮೋಟಾರು ಬಿಟ್ಟರೆ ಈ ದೋಣಿ ಹಾರುತ್ತದೆ ಅಂದ. ಹಾರುತ್ತದೆ ನಿಜ, ಹಿಂಭಾಗ ಅದಕ್ಕೇ ಮೋಟಾರು ದೋಣಿಯ ಹಾಗೆ ಅಗಲವಾಗಿದೆ. ಹಾಯಿ ಎತ್ತಿದಾಗ ಅದೇ ಅಗಲ ನೀರನ್ನು ಹಿಂದೆ ಎಳೆದುಕೊಂಡು ಬರುತ್ತದೆ. ಬೈಯುವವರು ಪಾಪದ ನೀರನ್ನು ಬೈಯುತ್ತಾರೆ, ತಪ್ಪು ಅರ್ಧ ಆ ಹಿಂಭಾಗದ್ದು ಅನ್ನುವುದು ನನ್ನ ವಾದ. ನೀರು ತುಂಬಿಸಿದವರೆಲ್ಲ ಸೋತಿದ್ದಾರಾ? ಫ್ರಾನ್ಸಿನ ಎರಿಕ್ ತಬಾರ್ಲಿ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಟೋಕಿಯೋಗೆ ಒಬ್ಬನೇ ಹಾಯಿ ಓಡಿಸಿ ರೇಸ್ ಗೆದ್ದದ್ದು ನೀರಿನ ತೊಟ್ಟಿ ಇದ್ದ 'ಪೆನ್ ಡುಯಿಕ್ 5'ರಲ್ಲೇ. ಅವನ ತೊಟ್ಟಿಗಳು ಎರಡು ಪಕ್ಕದಲ್ಲೂ ಇದ್ದವು, ಗಾಳಿ ಬರುವ ಕಡೆಯದನ್ನು ತುಂಬಿಸುತ್ತಿದ್ದ, ಅಷ್ಟೇ ವ್ಯತ್ಯಾಸ.

"ತಬಾರ್ಲಿ ಬಿಡು, ನೀನು ಮೋಟಾರಿನ ಕಾಲು ನೀರಿನಿಂದ ಎತ್ತಿದರೆ ಸಾಕು," ಅಂದ ಪ್ರಸಾದ, ದನಿ ಸ್ವಲ್ಪ ಮೆತ್ತಗಾಗಿತ್ತು. "ಅದನ್ನು ಇಳಿಬಿಟ್ಟುಕೊಂಡೇ ಹಾಯಿ ಓಡಿಸಿ, ವೇಗ ಇಲ್ಲ ವೇಗ ಇಲ್ಲ ಅಂತ ಅಳುವವರನ್ನು ನೋಡಿದ್ದೇನೆ. ಗಾಳಿ ಜಾಸ್ತಿಯಾದರೆ ಬೇಗ ಹಾಯಿ ಚಿಕ್ಕದು ಮಾಡು. ಈ ಜಾತಿಯ ದೋಣಿ ಮಲಗಿಕೊಂಡು ಓಡಿದರೆ ಚುಕ್ಕಾಣಿಯೇ ಬ್ರೇಕು."

"ಇದರ ಅತಿ ಹೆಚ್ಚು ವೇಗ ನಾನು ಹೇಳಲಾ?" ಅಂದೆ. "ಗಂಟೆಗೆ 55 ಮೈಲಿ. ಹೈವೇಯಲ್ಲಿ, ಟ್ರೇಲರ್ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಅಷ್ಟೇ ಬಿಡುವುದು."

ಪ್ರಸಾದ ನಗುತ್ತಾ ನೆತ್ತಿಗೆ ಹತ್ತಿಸಿಕೊಂಡ. ಸುಮಾ ನಗಲಿಲ್ಲ. ನೀರಿನ ಲೋಟ ಅವನ ಮುಂದೆ ಇಟ್ಟು, "ಅದೆಲ್ಲ ಇರಲಿ ರೀ, 26 ಅಡಿ ದೋಣಿ, ಮುಂದೆ ಟ್ರೇಲರಿನ ಮೂತಿ ಬೇರೆ. ನಿಲ್ಲಿಸುವುದು ಎಲ್ಲಿ?" ಅಂತ ಕೇಳಿದಳು.

ನಾಗೇಶ ಟೇಪು ಹಿಡಿದುಕೊಂಡು ಹೊರಗೆ ಹೋದ. ಡ್ರೈವ್‌ವೇ 20 ಅಡಿ. ಈಗ ಪಕ್ಕದ ಮನೆಯವರ ಹತ್ತಿರ ಮಾತಾಡುತ್ತಿದ್ದಾನಂತೆ.